ಸೋಲಲೆಂದು ಒತ್ತಿಸಿಕೊಂಡ ಹೆಬ್ಬೆಟ್ಟು

ಆ ದಿನ ಎದ್ದು ನಿಂತು ಹೇಳಿದೆ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಸುಳ್ಳಿರಬಹುದು. ಕುಳಿತೇ ಇದ್ದೆನೇನೋ. ನಾನು ಬರೆದ ಸಾಲಿನ ಬಗ್ಗೆ ಮಾತ್ರ ಅನುಮಾನವಿಲ್ಲ.

ಕಂಪ್ಲಿಯ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಹೂಳು ತೆಗೆಸಲು ಟೆಂಡರ್ ಕರೆಯುತ್ತಿದ್ದರು. ಕನಿಷ್ಠ ಮೂವರು ಹಾಕಬೇಕು. ಆದರೆ ಕೆಲಸ ಯಾರಿಗೆಂದು ಸಾಹೇಬರು ಮೊದಲೇ ತೀರ್ಮಾನಿಸಿರುತ್ತಿದ್ದರು. ಉಳಿದಿಬ್ಬರು ಹೆಚ್ಚಿನ ದರ ಬರೆದು ಸೋಲಲೆಂದೇ ಬರುವವರು. ಆ ವರ್ಷ ಗೆಲ್ಲಬೇಕಾದವನು ನನ್ನ ಭಾವ, ಅಕ್ಕನ ಗಂಡ. ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಅದನ್ನೂ ಬರೆಯಬೇಕು.

ಪೆಟ್ಟಿಗೆ ತೆರೆದು ಲಕೋಟೆ ಒಡೆದು ಎಲ್ಲರೆದುರು ಓದುವುದು ನನ್ನ ಪಾಲಿನ ಕೆಲಸ. ಮೊದಲನೆಯದು ಭಾವನದು. ಎರಡನೆಯದು ಅವನ ಲಾರಿ ಡ್ರೈವರನದು. ಮೂರನೆಯದರ ಕೆಳಗೆ ಸಹಿಯಿಲ್ಲ, ನೀಲಿ ಹೆಬ್ಬೆಟ್ಟು. ಹೆಸರು ನನ್ನ ಅವ್ವನದು.

"ಮುಂದ ಓದೋ," ಎಂದರು ಸಾಹೇಬರು.

"ಇದು ನಮ್ಮವ್ವಂದ್ರಿ."

"ಆಗ್ಲಿ ಬಿಡೋ, ಆಕಿಗೇನು ಕೆಲಸ ಸಿಗಂಗಿಲ್ಲ!"

ಎಲ್ಲರೂ ನಕ್ಕರು. ಭಾವನೂ.

ಆ ನಗೆ ಮುಗಿಯುವುದರೊಳಗೆ ರಿಜಿಸ್ಟರಿನಲ್ಲಿ ಬರೆದೆ: ಒಂದನೆಯವರು ನನ್ನ ಭಾವ, ಮೂರನೆಯವರು ನನ್ನ ತಾಯಿ, ಈ ಟೆಂಡರಿಗೆ ನಾನು ಸಹಿ ಹಾಕುವುದಿಲ್ಲ. ಸಾಹೇಬರು ಹಾಳೆ ಹರಿಯಲು ಕೈ ಚಾಚಿದರು. ಪುಟಗಳಿಗೆ ಅಚ್ಚಿನ ನಂಬರಿತ್ತು, ಒಂದು ಹೋದರೂ ಗೊತ್ತಾಗುತ್ತಿತ್ತು. ಕೈ ಹಿಂದಕ್ಕೆ ಹೋಯಿತು.

ಟೆಂಡರ್ ರದ್ದಾಯಿತು. ನನ್ನನ್ನು ಸಂಡೂರಿಗೆ ಎತ್ತಿಹಾಕಿದರು. ಕಾಯಂ ಆಗುವ ಮಾತು ಅಲ್ಲಿಗೇ ನಿಂತಿತು. ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವ್ವನನ್ನು ಕೇಳಿದೆ. "ಅಳಿಯಂದ್ರು ಒತ್ತು ಅಂದ್ರು, ಒತ್ತಿದೆ. ರೇಷನ್ ಕಾರ್ಡಿಗೆ ಅಂತ ತಿಳಿದಿದ್ದೆ." ಎಲ್ಲ ಬಿಡಿಸಿ ಹೇಳಿದೆ. ಮೋಸ ಮಾಡಿದನಲ್ಲ ಎಂದು ಅಳುತ್ತಾಳೆಂದುಕೊಂಡಿದ್ದೆ. ಅವಳಿಗೆ ಹತ್ತಿದ ಉರಿಯೇ ಬೇರೆ.

"ಸೋಲಾಕ ಒತ್ತಿಸಿಕೊಂಡ್ನಾ ನನ್ನ ಕೈಲೆ?"

ಮತ್ತೆ ಟೆಂಡರ್ ಕರೆದರು. ಈ ಸಲ ಲಕೋಟೆ ಓದಲು ನಾನಿರುವುದಿಲ್ಲ. ನಾನು ಸಂಡೂರಿಗೆ ಹೊರಡಲು ಟ್ರಂಕು ತುಂಬುತ್ತಿದ್ದಾಗ ಭಾವ ನನ್ನತ್ತ ನೋಡದೆ ಒಳಗೆ ಬಂದು, ಅವ್ವನ ಮುಂದೆ ಕಾಗದ ಬಿಡಿಸಿ, ಮಸಿಯ ಡಬ್ಬಿ ತೆರೆದ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕುಳಿತಳು.

"ಒತ್ತತೀನ್ರಿ ಅಳಿಯಂದ್ರ. ಆದ್ರ ಈ ಸಲ ನನ್ನ ರೇಟು ನಿಮ್ಮದಕ್ಕಿಂತ ಕಡಿಮಿ ಬರೀರಿ. ಗೆದ್ರ ಹೂಳು ನಾನ ತೆಗಸ್ತೀನಿ."

ಭಾವ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅವ್ವನ ಹೆಬ್ಬೆರಳು ಇನ್ನೂ ಚಾಚಿಕೊಂಡೇ ಇತ್ತು.