ಮೃಗಾಲಯಕ್ಕೂ ಮಂಗಳವಾರವೇ ರಜ

ನನ್ನ ಕ್ಷೌರದಂಗಡಿಗೆ ಮಂಗಳವಾರ ರಜ. ಮೈಸೂರಿನ ಮೃಗಾಲಯಕ್ಕೂ ಮಂಗಳವಾರವೇ ರಜ. ಇದನ್ನು ಗೊತ್ತುಮಾಡಿದ ಪುಣ್ಯಾತ್ಮನಿಗೆ ಕ್ಷೌರದವನಿಗೂ ಮಕ್ಕಳಿರುತ್ತಾರೆ ಎಂದು ಹೊಳೆಯಲಿಲ್ಲ, ಅಷ್ಟೇ.

ಮಗಳಿಗೆ ನಾಲ್ಕು ವರ್ಷ ತುಂಬಿದಾಗ ಇದು ತಿಳಿಯದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಗೇಟು ಮುಚ್ಚಿತ್ತು. ಒಳಗೆಲ್ಲೋ ಸಿಂಹ ಗರ್ಜಿಸಿತು. "ಅಪ್ಪಾ, ನಮ್ಮನ್ನೇ ಕರೀತಾ ಅದೆ!" ಎಂದು ಚಪ್ಪಾಳೆ ತಟ್ಟಿದಳು. ಪಕ್ಕದ ಕಾರಂಜಿ ಕೆರೆಗಾದರೂ ಹೋಗೋಣವೆಂದರೆ ಅದೂ ಮುಚ್ಚಿತ್ತು. ಉಪ್ಪು ಖಾರ ಹಚ್ಚಿದ ಸೀಬೆಹಣ್ಣು ಕೊಡಿಸಿ, "ಮುಂದಿನ ಭಾನುವಾರ ಬರೋಣ ಕಣಮ್ಮ" ಅಂದೆ. ಆರು ವರ್ಷದ ಹಿಂದಿನ ಮಾತು.

ಭಾನುವಾರ ನನ್ನದಲ್ಲ. ಮೇಟಗಳ್ಳಿಯ ಕಾರ್ಖಾನೆಯವರಿಗೆಲ್ಲ ತಲೆಯಲ್ಲಿ ಕೂದಲಿದೆ ಎಂದು ನೆನಪಾಗುವುದೇ ಅವತ್ತು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಕತ್ತಲಾಗುವವರೆಗೆ ಬೆನ್ನು ನೆಟ್ಟಗಾಗುವುದಿಲ್ಲ. "ಇವತ್ತು ಆಗಲ್ಲ, ನಾಳೆ ಬನ್ನಿ" ಎನ್ನಬಹುದಿತ್ತು. ಆ ಮಾತೇ ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಬಂದವರಿಗೆಲ್ಲ ಹೂಂ. ಮಕ್ಕಳಿಗೂ ಹೂಂ. "ಹೂಂ ಅನ್ನಾದೊಂದು ಬುಟ್ರೆ ನಿಮ್ ಬಾಯಿಗೆ ಬ್ಯಾರೆ ಮಾತೇ ಬರಕಿಲ್ವಾ?" ಎಂದು ಹೆಂಡತಿ ರೇಗುತ್ತಾಳೆ. ಅವಳು ಹೇಳುವುದು ನಿಜ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸುತ್ತಾಡಿಸುತ್ತಿದ್ದೆ. ರಜೆಯಲ್ಲಿ ಬೆಟ್ಟ ಹತ್ತಿಸಿದೆ. ಆಮೇಲೆ ಹುಟ್ಟಿದ ಮಗ ಕೊಕ್ಕರೆ ಕಂಡರೂ ಸಾಕು, ಕುಣಿಯುತ್ತಿದ್ದ. ಮಗಳು ಮಾತ್ರ "ಜಿರಾಫೆ ಯಾವತ್ತು?" ಎಂದೇ ಕೇಳುವಳು. ಅಮ್ಮನ ಜೊತೆ ಹೋಗಿ ಬಾ ಎಂದರೆ, "ನೀನು ಬರ್ದೆ ಇದ್ರೆ ನಾನೂ ಹೋಗಲ್ಲ" ಎನ್ನುವಳು. ಆ ಹಟ ನನಗೆ ಒಳಗೊಳಗೇ ಹಿತವಾಗಿತ್ತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಎದೆ ಗಟ್ಟಿಮಾಡಿಕೊಂಡು ಅಂಗಡಿ ತೆಗೆಯಲೇ ಇಲ್ಲ. ಹೆಂಡತಿ ಚಿತ್ರಾನ್ನ, ಮೊಸರನ್ನ ಕಟ್ಟಿದಳು. ಮಗ ಸ್ಕೂಟರಿನಲ್ಲಿ ಮುಂದೆ ನಿಂತ, ಮಗಳು ನನ್ನ ಬೆನ್ನಿಗೆ ಅಂಟಿ ಕೂತಳು. ಇನ್ನೇನು ಹೊರಡಬೇಕು, ಫೋನ್ ಬಂತು.

ನನ್ನ ಗಿರಾಕಿಯೊಬ್ಬರಿದ್ದರು. ಅಜ್ಜನ ಕಾಲದಿಂದ ಅರಮನೆಯ ಊಳಿಗದಲ್ಲಿದ್ದ ಮನೆತನ. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ನನ್ನದೇ ವಯಸ್ಸು. ತಿಂಗಳಿಗೊಂದು ಭಾನುವಾರ ಬೆಳಗ್ಗೆಯೇ ಎಂಟು ವರ್ಷದ ಮಗನನ್ನು ಕರೆತಂದು, "ಬೇಗ ಮುಗಿಸಿಬಿಡಪ್ಪ, ಸಾಹೇಬರು ಝೂಗೆ ಹೋಗ್ಬೇಕಂತೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹೊಟ್ಟೆ ಉರಿದುಕೊಂಡೇ. ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ ಎಂಬ ಸುದ್ದಿ ಆ ವಾರವಷ್ಟೇ ಬಂದಿತ್ತು. ಫೋನಿನಲ್ಲಿ ಅವರ ಭಾವಮೈದುನ. "ಪಶ್ಚಿಮವಾಹಿನಿಯಲ್ಲಿದೀವಿ. ಇವತ್ತು ಹತ್ತನೇ ದಿನದ ಕರ್ಮ. ಮಗು ಇಲ್ಲಿಯವರಿಗೆ ತಲೆ ಮುಟ್ಟೋಕೇ ಬಿಡ್ತಿಲ್ಲ. ನೀವು ಬಂದ್ರೆ ಕೂರ್ತಾನಂತೆ."

ಹೂಂ ಅಂದೆ.

"ಕರ್ಮ ಮಾಡೋ ಜಾಗಕ್ಕೆ ಮಕ್ಳನ್ನ ಕರ್ಕೊಂಡೋಗಾದಾ? ನಿಮ್ಗೇನು ಬುದ್ಧಿಗಿದ್ಧಿ ಅದಾ?" ಎಂದಳು ಹೆಂಡತಿ.

"ಒಂದು ಗಂಟೆ ಕೆಲ್ಸ ಕಣೇ. ಅಲ್ಲಿಂದ ನೆಟ್ಟಗೆ ಝೂಗೆ." ಅಬ್ಬಾ, ನನ್ನ ಲೆಕ್ಕಾಚಾರವೇ!

ಹೊಳೆದಂಡೆ ತಲುಪಿದಾಗ ಪುರೋಹಿತರು ಇನ್ನೊಂದು ಮನೆಯವರ ಕೆಲಸದಲ್ಲಿದ್ದರು. ಅವರು ಬರುವಷ್ಟರಲ್ಲಿ ಮಧ್ಯಾಹ್ನ. ಹೆಂಡತಿ ಮಕ್ಕಳು ದೂರದ ಅರಳಿಮರದ ಕೆಳಗೆ ಕೂತಿದ್ದರು. ಆ ಹುಡುಗ ಬರಿಮೈಯಲ್ಲಿ ಬಂದು ನನ್ನ ಮುಂದೆ ಕೂತ. ನೀರು ಹಚ್ಚಿ ಕತ್ತಿ ಎತ್ತಿದೆ. ಅವನು ಮೆಲ್ಲಗೆ, "ನಿಧಾನವಾಗಿ ಮಾಡಿ ಅಂಕಲ್" ಅಂದ. ಮುಗಿದ ಮೇಲೆ ಏನು ಮಾಡಿಸುತ್ತಾರೋ ಎಂಬ ಭಯ ಅವನಿಗೆ. ಅಯ್ಯೋ, ಆ ಎಳೆ ತಲೆ! ಎಷ್ಟು ನಿಧಾನ ಮಾಡಿದರೂ ಮಗುವಿನ ತಲೆಯಲ್ಲಿ ಎಷ್ಟು ಕೂದಲಿರುತ್ತದೆ, ಮುಗಿದೇ ಹೋಯಿತು.

ಅದಕ್ಕೆ ನಾನು ಮರುಗುವುದಿಲ್ಲ. ಇನ್ನೊಮ್ಮೆ ಕರೆದರೂ ಹೋಗುತ್ತೇನೆ. ಆದರೆ ಕತ್ತಿ ಒರೆಸಿ ಏಳುವಷ್ಟರಲ್ಲಿ ದಾಯಾದಿಗಳು ನಾಲ್ವರು ಸಾಲಾಗಿ ಕೂತರು. "ಹೇಗೂ ಬಂದಿದೀರಿ, ಇವರದ್ದೂ ಮುಗಿಸಿಬಿಡಿ." ಅಲ್ಲಿ ಬೇರೆ ಕ್ಷೌರಿಕರು ಕೈ ಕಟ್ಟಿಕೊಂಡು ನಿಂತಿದ್ದರು. ಆಗಲ್ಲ, ನನ್ನ ಮಕ್ಕಳು ಕಾಯುತ್ತಿದ್ದಾರೆ ಎಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಮಗಳು ಮರದ ಕೆಳಗಿನಿಂದ ಎದ್ದು ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

ಹೂಂ ಅಂದೆ. ಅವಳು ತಿರುಗಿ ಹೋದಳು.

ನಾಲ್ಕು ತಲೆ ಮುಗಿಯಿತು. ಕರ್ಮ ಮುಗಿಯುವವರೆಗೂ ಇರಿ ಎಂದರು, ಇದ್ದೆ. ಹೊಳೆಯಲ್ಲಿ ಮುಳುಗು ಹಾಕದೆ ಎಲ್ಲಿಗೂ ಹೋಗುವಂತಿಲ್ಲವೆಂದು ಹೆಂಡತಿ ಹಟ ಹಿಡಿದಳು. ರಸ್ತೆ ಬದಿಯಲ್ಲಿ ಕೂತು ಹಳಸಲು ಶುರುವಾದ ಚಿತ್ರಾನ್ನ ತಿಂದೆವು. ಒದ್ದೆ ಬಟ್ಟೆಯಲ್ಲೇ ಭಾನುವಾರದ ವಾಹನಗಳ ನಡುವೆ ನುಗ್ಗಿಸಿಕೊಂಡು ಬಂದೆ.

ಟಿಕೆಟ್ ಕೌಂಟರ್ ಮುಚ್ಚಿತ್ತು. ನೋಡಿ ಮುಗಿಸಿದವರು ಹೊರಗೆ ಬರುತ್ತಿದ್ದರು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಪೀಪಿ. ಕಾವಲಿನವರನ್ನು ಅಂಗಲಾಚಿದೆ, "ಐದೇ ನಿಮಿಷ, ಜಿರಾಫೆ ಒಂದು ತೋರಿಸಿ ಬಂದ್ಬುಡ್ತೀನಿ" ಅಂದೆ. "ಆಗಲ್ಲ ಕಣ್ರೀ" ಅಂದರು. ಎಷ್ಟು ಸಲೀಸಾಗಿ ಅಂದುಬಿಟ್ಟರು! ನನ್ನಂಥ ದಂಡಪಿಂಡ ಇನ್ನೊಬ್ಬನಿಲ್ಲ ಎನಿಸಿತು. ಮಗಳು ಅತ್ತಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಹೋಗಿ ಸ್ಕೂಟರಿನ ಪಕ್ಕ ನಿಂತಳು.

ನಾನು ಮಕ್ಕಳ ಹಿಂದೆಯೇ ಇದ್ದೆ. ಮಗ ಅಕ್ಕನ ಲಂಗ ಜಗ್ಗಿದ. "ಅಕ್ಕಾ, ಮುಂದಿನ ಭಾನುವಾರ ಬರೋಣ್ವಾ ಅಂತ ಅಪ್ಪನ್ನ ಕೇಳು."

ಅವಳು ಅವನ ಕೈ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಕೇಳ್ಬೇಡ ಕಣೋ. ಅಪ್ಪ ಹೂಂ ಅಂದ್ಬುಡ್ತದೆ."