ಗಾಯರಾಣದ ಬೋಧಿ ಗಿಡ

ಭಾನುವಾರ ಬೆಳಗ್ಗೆ ತೊರವಿಯ ಆಚೆಯ ದನ ಮೇಯುವ ಗಾಯರಾಣಕ್ಕೆ ಹಕ್ಕಿ ನೋಡಲು ಬರುವವರಲ್ಲಿ ಹೆಚ್ಚಿನವರು ನವಿಲಿನ ಆಸೆ ಇಟ್ಟುಕೊಂಡೇ ಬರುತ್ತಿದ್ದರು. ಅವರಿಗೆ ದಶರಥ ತೋರಿಸುತ್ತಿದ್ದುದು ಮಣ್ಣಿನ ಬಣ್ಣದ ನೆಲಗುಬ್ಬಿಯನ್ನು. ವಿಜಯಪುರದಿಂದ ಹೊಸ ಬೂಟು ಹಾಕಿಕೊಂಡು ಬಂದವರು "ಇಷ್ಟ ಏನ್ರಿ?" ಎಂದು ಮುಖ ಸಣ್ಣದು ಮಾಡಿದರೆ, "ತಡೀರಿ, ಅದು ಮ್ಯಾಲ ಏರಲಿ, ಆಮ್ಯಾಲ ಹೇಳ್ರಿ" ಎನ್ನುತ್ತಿದ್ದ. ಗುಬ್ಬಿ ಸಿಳ್ಳು ಹಾಕುತ್ತ ನೆಟ್ಟಗೆ ಮೇಲೇರಿ, ರೆಕ್ಕೆ ಮಡಚಿ, ಯಾರೋ ಎಸೆದ ಕಲ್ಲಿನಂತೆ ಕೆಳಗೆ ಬಿದ್ದು, ಇನ್ನೇನು ನೆಲ ತಾಕಿತು ಎನ್ನುವಾಗ ಮತ್ತೆ ಎದ್ದು ಹಾರುತ್ತಿತ್ತು. ಬೂಟಿನವರು ನವಿಲನ್ನು ಮರೆತು ಬಾಯಿ ತೆರೆದು ನಿಲ್ಲುತ್ತಿದ್ದರು. ದಶರಥನಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಸಂತೋಷ ಅದೊಂದೇ.

ಅವನು ಸರಕಾರಿ ಕಚೇರಿಯೊಂದರ ಗುಮಾಸ್ತ. ಹಕ್ಕಿಗೂ ಅವನಿಗೂ ಮೊದಲಿನಿಂದ ಯಾವ ನಂಟೂ ಇರಲಿಲ್ಲ. ಈ ಹುಚ್ಚು ಇದ್ದದ್ದು ಮಗಳು ಪೂನಮಳಿಗೆ. ಊರ ದನ ಮೇಯುವ ಆ ಬೋಳು ಬಯಲಿಗೆ ಹುಡುಗಿಯೊಬ್ಬಳನ್ನೇ ಕಳಿಸುವುದು ಹೇಗೆಂದು ಇವನು ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದ. ಅವಳು ಗರಸು ಕಲ್ಲಿನ ನೆಲದ ಮೇಲೆ ಬೋರಲು ಮಲಗಿ ದುರ್ಬೀನು ಹಿಡಿದರೆ, ಅಪ್ಪ ಸ್ಕೂಟರಿಗೆ ಒರಗಿ ಪೇಪರು ಓದುತ್ತಿದ್ದ. ಓದಲು ಏನೂ ಉಳಿಯದ ಒಂದು ದಿನ ಬೇಸರಕ್ಕೆ ದುರ್ಬೀನು ಈಸಿಕೊಂಡ. ಕೊಕ್ಕಿನ ಬಳಿ ಹಳದಿ ಜೋಲು ಚರ್ಮದ, ಉದ್ದ ಕಾಲಿನ ಟಿಟ್ಟಿಭ ಹಕ್ಕಿಯೊಂದು ಕಲ್ಲುಗಳ ನಡುವೆ ಕಲ್ಲಿನಂಥದೇ ಮೊಟ್ಟೆಗಳ ಮೇಲೆ ಕುಳಿತಿತ್ತು. ಗೂಡಿಲ್ಲ, ಮರೆಯಿಲ್ಲ. "ಯಪ್ಪಾ, ಟಿಟವಿಗೆ ಬಯಲ ಮನಿ. ನಾಕೂ ಕಡೆ ಕಾಣಬೇಕು ಅದಕ್ಕ" ಎಂದಳು ಮಗಳು. ಅವತ್ತಿನಿಂದ ದಶರಥ ಪೇಪರು ತರುವುದನ್ನು ಬಿಟ್ಟ.

ಪಿಯುಸಿ ಎರಡನೇ ವರ್ಷದ ಮಳೆಗಾಲದಲ್ಲಿ ಪೂನಮಳಿಗೆ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಇದ್ದವಳು ಅವಳೊಬ್ಬಳೇ. ಆಮೇಲಿನ ಭಾನುವಾರಗಳನ್ನು ಕಳೆಯುವುದು ಹೇಗೆಂದು ತಿಳಿಯದೆ ದಶರಥ ಗಾಯರಾಣಕ್ಕೆ ಒಬ್ಬನೇ ಹೋಗತೊಡಗಿದ. ಮೌನ ಹೆಚ್ಚಾಗಿ ಎದೆ ಒಡೆದಂತಾಗುವುದೆಂದು ಕಚೇರಿಯವರನ್ನು ಕರೆದುಕೊಂಡು ಹೋದ. ಅವರು ಇನ್ನೊಬ್ಬರನ್ನು ಕರೆತಂದರು. ಹೀಗೆ ಅದು ಊರಿನವರ ಬಾಯಲ್ಲಿ 'ದಶರಥ ಸರ್ ಹಕ್ಕಿ ನಡಿಗೆ' ಆಯಿತು.

ಹೆಂಡತಿ ಮಾಳವ್ವ ಹಕ್ಕಿ ನೋಡಲು ಎಂದೂ ಬಂದವಳಲ್ಲ. ಅವಳಿಗೆ ಬೇಕಾಗಿದ್ದುದು ಬೇರೆ. ಮಗಳು ಹೋದ ಮರುವರ್ಷದ ಬುದ್ಧ ಪೂರ್ಣಿಮೆಗೆ ಬೌದ್ಧ ಭಿಕ್ಷು ಭಂತೇಜಿಯವರ ಕೈಯಿಂದ ಒಂದು ಅರಳಿ ಸಸಿ ಪಡೆದು, ಪೂನಮ ಬೋರಲು ಮಲಗುತ್ತಿದ್ದ ದಿಬ್ಬದ ಮೇಲೆಯೇ ನೆಟ್ಟಳು. ಬೋಧಿ ಗಿಡ ಎಂದರೆ ಅವರ ಮನೆಯಲ್ಲಿ ಬುದ್ಧನ ಫೋಟೊಕ್ಕೆ ಇದ್ದಷ್ಟೇ ಮರ್ಯಾದೆ. ಮಾಳವ್ವ ಟಿಕೋಟಾ ರಸ್ತೆಯ ಮಣೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಿದ್ದಳು. ಸಂಜೆ ಬಸ್ಸಿನಿಂದ ತೊರವಿ ಕ್ರಾಸಿನಲ್ಲಿ ಇಳಿದು, ಕ್ಯಾನಿನಲ್ಲಿ ನೀರು ಹೊತ್ತು ದಿಬ್ಬ ಹತ್ತಿ, ಗಿಡದ ಬುಡಕ್ಕೆ ಸುರಿದು, ದಿನದ ಸುದ್ದಿಯನ್ನೆಲ್ಲ ಅದಕ್ಕೆ ಹೇಳಿ ಮನೆಗೆ ಬರುತ್ತಿದ್ದಳು. ಬಿಸಿಲು ಆಕೆಗೆ ಲೆಕ್ಕಕ್ಕೇ ಇರಲಿಲ್ಲ. ಗಿಡ ಬದುಕಿತು, ಎರಡಾಳು ಎತ್ತರ ಬೆಳೆಯಿತು.

ನಡಿಗೆಗೆ ಬಂದವರು ಅದನ್ನು ನೋಡಿದರು. ಬಿಸಿಲಲ್ಲಿ ಬೆಂದ ಊರಿನವರಿಗೆ ಸಸಿ ನೆಡುವುದಕ್ಕಿಂತ ದೊಡ್ಡ ಪುಣ್ಯ ಯಾವುದು? ಕಾಲೇಜಿನಲ್ಲಿ ಪಾಠ ಹೇಳುವ ಅನುರಾಧಾ ತೀರಿಹೋದ ಮಾವನ ಹೆಸರಿನಲ್ಲಿ ಒಂದು ಬೇವು ನೆಟ್ಟಳು. ಜೆಸಿಬಿ ನಡೆಸುವ ನಾಸೀರ ತನ್ನ ತಾಯಿಯ ಹೆಸರಿನಲ್ಲಿ ಹೊಂಗೆ ಹಚ್ಚಿದ. ಆಮೇಲೆ ಹುಟ್ಟಿದ ಹಬ್ಬಕ್ಕೊಂದು, ಲಗ್ನಕ್ಕೊಂದು. ಹಕ್ಕಿ ನೋಡಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಮನೆಗೆ ಹೋಗುವುದು ಪದ್ಧತಿಯೇ ಆಗಿಬಿಟ್ಟಿತು. ಕುಣಿ ತೋಡುವವನು ಮಾತ್ರ ಪ್ರತಿ ಸಲವೂ ದಶರಥನೇ. ಎಷ್ಟು ಹುಮ್ಮಸ್ಸಿನಿಂದ ತೋಡಿದ್ದನೆಂದು ನೆನೆದರೆ ಈಗ ಅಯ್ಯೋ ಅನಿಸುತ್ತದೆ.

ಗಾಯರಾಣ ಹಸಿರಾದಂತೆ ನೆಲಗುಬ್ಬಿಗಳು ಕಡಿಮೆಯಾದವು. ಹುಲ್ಲಿನಲ್ಲಿ ಅಡಗುವ ಬುರ್ಲಿ ಹಕ್ಕಿಯ ಕೂಗು ನಿಂತಿತು. ದಶರಥನಿಗೆ ಕಾರಣ ಹೊಳೆಯದೆ ಇರಲಿಲ್ಲ, ಹೊಳೆದದ್ದನ್ನು ನುಂಗಿಕೊಂಡ. ಬಂದವರಿಗೆ ಬುಲ್‌ಬುಲ್ ತೋರಿಸಿದ, ಕೋಗಿಲೆ ತೋರಿಸಿದ. ಅವರೆಲ್ಲ ಖುಷಿಯಾಗಿಯೇ ಇದ್ದರು. ಟಿಟ್ಟಿಭದ ಒಂದು ಜೋಡಿ ಉಳಿದಿದೆಯಲ್ಲ, ಅಷ್ಟು ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹೋದ ವರ್ಷದ ಬೇಸಿಗೆಯಲ್ಲಿ ಆ ಜೋಡಿ ದಿಬ್ಬದ ಕೆಳಗೆ ಮೊಟ್ಟೆ ಇಟ್ಟಿತು. ಭಾನುವಾರದ ಗುಂಪು ದೂರದಲ್ಲಿ ನಿಂತು ನೋಡುತ್ತಿತ್ತು. ಮೇಲೆ, ಬೋಧಿ ಗಿಡದ ತುದಿಯಲ್ಲಿ ಕುಳಿತು ಕಾಗೆಯೊಂದೂ ನೋಡುತ್ತಿತ್ತು. ಬಿಸಿಲೇರಿ ತಾಯಿ ಹಕ್ಕಿ ಮೊಟ್ಟೆಗೆ ತಂಪು ತರಲೆಂದು ಎದೆ ತೋಯಿಸಿಕೊಳ್ಳಲು ನೀರಿನ ಗುಂಡಿಯ ಕಡೆಗೆ ಹಾರಿದ್ದೇ ತಡ, ಕಾಗೆ ನೇರವಾಗಿ ಕೆಳಗಿಳಿಯಿತು. ಗಂಡು ಹಕ್ಕಿ ಚೀರಿ ಚೀರಿ ಮೇಲೆ ಎರಗಿತು. ದಶರಥ ಕಲ್ಲು ಬೀಸುತ್ತ ಓಡಿದ, ಎಡವಿ ಬಿದ್ದ. ಅವನು ಏಳುವಷ್ಟರಲ್ಲಿ ಅಲ್ಲಿ ಬರೀ ಸಿಪ್ಪೆ ಇತ್ತು. ಬಯಲಿನಲ್ಲಿ ಮೊದಲು ಕಾಗೆಗೆ ಕುಳಿತು ಹೊಂಚು ಹಾಕಲು ಜಾಗವೇ ಇರಲಿಲ್ಲ. ಆ ಜಾಗವನ್ನು ನೀರೆರೆದು ಬೆಳೆಸಿದವರು ಅವನ ಮನೆಯವರೇ.

ಅಲ್ಲೇ, ಮಂಡಿಯ ಮಣ್ಣು ಕೂಡ ಕೊಡವಿಕೊಳ್ಳದೆ ದಶರಥ ಎಂದ: "ಇಲ್ಲಿ ಹಚ್ಚಿದ್ದು ತಪ್ಪಾತ್ರಿ. ಗಿಡಾ ಎಲ್ಲಾ ತಗೀಬೇಕು."

"ಏನ್ ಮಾತಾಡಾಕತ್ತೀರಿ ಸರ್?" ಅನುರಾಧಾ ಮುಂದೆ ಬಂದಳು. "ನಮ್ಮ ಮಾವನೋರ ಹೆಸರಿಂದೈತ್ರಿ ಅದು. ಮೊದಲ ನೀವು ನಿಮ್ಮ ಪೂನಮಂದು ಕಡೀರಿ, ಆಮ್ಯಾಲ ನಮಗ ಹೇಳ್ರಿ."

ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆದರೆ ದಶರಥನಿಗೆ ಸಿಟ್ಟು ಬರಲಿಲ್ಲ. ಅವಳು ಅಂದದ್ದು ನ್ಯಾಯವಾಗಿಯೇ ಇತ್ತು.

ಬೋಧಿ ಗಿಡವನ್ನು ಬೇರೆಡೆಗೆ ಕಿತ್ತು ನೆಡಬಹುದೇ ಎಂದು ನಾಸೀರನನ್ನು ಕೇಳಿದ. ನಾಸೀರ ಬುಡದ ಸುತ್ತ ಕೆದಕಿ ನೋಡಿ ತಲೆಯಾಡಿಸಿದ. "ಬೇರು ಕಲ್ಲಬಂಡಿಯೊಳಗ ಹೊಕ್ಕಾವ್ರಿ ಸರ್. ಕಿತ್ತರ ಸಾಯತೈತಿ. ಸುಳ್ಳ ಆಸೆ ಹಚ್ಚಂಗಿಲ್ಲ ನಾ."

ಮನೆಯಲ್ಲಿ ಮಾಳವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ದಶರಥ ಎಲ್ಲವನ್ನೂ ಹೇಳಿದ.

"ಕಾಗಿ ಓಡಸಾಕ ಬರಂಗಿಲ್ಲೇನು?"

"ದಿನಾ ಯಾರು ಕಾಯೋರು ಬೇ?"

"ನಾ ಕಾಯ್ತೀನಿ."

ಆಗದೆಂದು ಅವನು ತಲೆಯಲ್ಲಾಡಿಸಿದ. ಮಾಳವ್ವ ಮೊರವನ್ನು ಕೆಳಗಿಟ್ಟಳು. "ಹಂಗಾರ ಆಕೀನ್ನ ಎರಡನೇ ಸಲ ಕಳಿಸಿ ಬರ್ತೀನಿ ಅಂತೀ" ಎಂದಳು. ದಶರಥನ ಕಣ್ಣಲ್ಲಿ ನೀರು ಬಂತು. "ಆಕಿ ಹಕ್ಕಿ ಅವು, ಮಾಳವ್ವ" ಎಂದಷ್ಟೇ ಹೇಳಲು ಅವನಿಂದಾಯಿತು.

ಅದಾದ ಮೇಲೆ ಮಾಳವ್ವ ಊಟಕ್ಕೆ ಬಡಿಸುವಳು, ಎದ್ದು ಹೋಗುವಳು. ಕೊನೆಗೊಂದು ಬೆಳಗ್ಗೆ ಶೆಡ್ಡಿಗೆ ಹೊರಟು ನಿಂತವಳು ಬಾಗಿಲ ಕಡೆಗೇ ಮುಖ ಮಾಡಿ, "ಕಡಿ. ನನ್ನ ಮುಂದ ಕಡೀಬ್ಯಾಡ" ಎಂದಳು.

ದಶರಥ ಅವತ್ತು ಕಚೇರಿಗೆ ರಜೆ ಹಾಕಿದ. ನೆಡುವಾಗ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ, ಕಡಿಯುವಾಗಲೂ ಕೇಳಲಿಲ್ಲ. ಕೊಡಲಿಯ ಮೊದಲ ಏಟಿಗೆ ಕಾಂಡದಿಂದ ಹಾಲು ಬಂದಾಗ ಕೂತುಬಿಟ್ಟ. ಜೊತೆಗೆ ಬಂದಿದ್ದ ನಾಸೀರ ಕೊಡಲಿ ತಾನು ಹಿಡಿಯುತ್ತೇನೆಂದು ಕೈ ಚಾಚಿದ. ದಶರಥ ಕೊಡಲಿಲ್ಲ. ಮಗಳ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದು ಅವನಿಂದಾಗದು. ಅದೇ ಮಧ್ಯಾಹ್ನ ನಾಸೀರ ತನ್ನ ತಾಯಿಯ ಹೊಂಗೆಯನ್ನೂ ಕಡಿದು, ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

ಆ ಭಾನುವಾರ ಅನುರಾಧಾ ಮೊಂಡು ಬೊಡ್ಡೆಯನ್ನು ನೋಡಿ ಗೊಳೋ ಎಂದು ಅತ್ತಳು. ತಾನು ಅಂದ ಮಾತು ಹೀಗೆ ನಡೆದೇಬಿಡುತ್ತದೆಂದು ಅವಳು ತಿಳಿದಿರಲಿಲ್ಲ. ಆದರೆ ಮಾವನ ಬೇವಿಗೆ ಕೊಡಲಿ ಹಾಕಲು ಅವಳಿಗೂ ಕೈ ಬರಲಿಲ್ಲ, ಉಳಿದವರಿಗೂ ಬರಲಿಲ್ಲ. ಅವರನ್ನು ದೂರುವುದು ಹೇಗೆ? ಒಬ್ಬೊಬ್ಬರಾಗಿ ನಡಿಗೆಗೆ ಬರುವುದನ್ನು ಬಿಟ್ಟರು. ಈ ಬೇಸಿಗೆಯಲ್ಲಿ ಟಿಟ್ಟಿಭದ ಜೋಡಿ ಬಂದು, ದಿಬ್ಬದ ಸುತ್ತ ನಾಲ್ಕು ದಿನ ಓಡಾಡಿ, ಬೇವಿನ ಮೇಲಿನ ಕಾಗೆಗಳನ್ನು ನೋಡಿತೋ ಏನೋ, ಮೊಟ್ಟೆ ಇಡದೆ ಹೋಯಿತು.

ಅರಳಿಯ ಜೀವ ಮಾತ್ರ ಗಟ್ಟಿ. ಬೊಡ್ಡೆಯಿಂದ ಕೆಂಪು ಚಿಗುರು ಒಡೆಯತೊಡಗಿತು. ಬಿಟ್ಟರೆ ಮತ್ತೆ ಗಿಡವಾದೀತೆಂದು ದಶರಥ ಭಾನುವಾರ ಬೆಳಗಾಗುತ್ತಲೇ ಹೋಗಿ ಒಂದೊಂದನ್ನೇ ಚಿವುಟಿ ಹಾಕುತ್ತಿದ್ದ. ಒಂದು ಸಲ ಕಡಿದದ್ದೇ ಸಾಕಾಗಿತ್ತು. ಈಗ ವಾರ ವಾರವೂ ಕಡಿದಂತಾಗುತ್ತಿತ್ತು. ಎಷ್ಟು ಚಿವುಟಿದರೂ ಮುಂದಿನ ವಾರ ಹೊಸದು ಇರುತ್ತಿತ್ತು. ಇಂಥ ಒಣ ಗರಸಿನಲ್ಲಿ ಇದಕ್ಕೆ ಎಲ್ಲಿಂದ ಬರುತ್ತದೆ ಇಷ್ಟು ಕಸುವು ಎಂದು ಬಗ್ಗಿ ಬುಡ ಮುಟ್ಟಿದ. ಬುಡ ಹಸಿಯಾಗಿತ್ತು.

ಮನೆಗೆ ಬಂದವನು ಮಾಳವ್ವನ ಎದುರು ಕುಳಿತ. ಹೇಗೆ ಕೇಳುವುದೆಂದು ಅವನು ತಡವರಿಸುತ್ತಿರುವಾಗಲೇ ಅವಳು ಅವನ ಬೆರಳಿಗೆ ಅಂಟಿದ್ದ ಹಾಲನ್ನು ನೋಡಿದಳು.

"ನೀರು ನಾನ ಹಾಕ್ತೀನಿ" ಎಂದಳು. "ಚಿವುಟೋದು ನೀ ಚಿವುಟು. ನಾ ನಿನಗ ಬ್ಯಾಡ ಅನ್ನಂಗಿಲ್ಲ. ನೀನೂ ನನಗ ಬ್ಯಾಡ ಅನ್ನಬ್ಯಾಡ."

ದಶರಥ ಹೂಂ ಎಂದ. ಈಗಲೂ ಹಾಗೆಯೇ ನಡೆದಿದೆ.