ಮುನಿಯಪ್ಪನವರ ಪ್ರಶ್ನೆ, ನನ್ನ ಕ್ಲಾರಿನೆಟ್

ರೇಡಿಯೋದಲ್ಲಿ ನೀವು ಕೇಳುತ್ತಿದ್ದ ಸಹಜ ಸಂಭಾಷಣೆಗಳ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆ ಬಾಕಿ ಇದೆ. ಅವು ಸಹಜವಾಗಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ವಾರವೆಲ್ಲ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ ಮಾಡಿ, ಭಾನುವಾರ ರೇಡಿಯೋ ನಿಲಯಕ್ಕೆ ಹೋಗಿ ಸಂಗೀತಗಾರರನ್ನು ಮಾತಾಡಿಸುತ್ತಿದ್ದೆ. ಪ್ರಶ್ನೆಗಳನ್ನೂ ನಾನೇ ಬರೆಯುತ್ತಿದ್ದೆ, ಉತ್ತರಗಳನ್ನೂ ನಾನೇ. "ಓಹೋ, ಹೌದೇ!" ಎಂಬ ಆಶ್ಚರ್ಯವನ್ನು ಮೂರು ದಿನ ಮೊದಲೇ ಬರೆದು, ಮೇಲಿನವರ ಒಪ್ಪಿಗೆ ಪಡೆದು, ಆಮೇಲೆ ಆಶ್ಚರ್ಯಪಡುತ್ತಿದ್ದೆ.

ಇದಕ್ಕೆ ಕಾರಣವಿತ್ತು. ಕಾರ್ಯಕ್ರಮ ನೇರ ಪ್ರಸಾರ. ಸಂಗೀತಗಾರರೋ, ನುಡಿಸಿ ಎಂದರೆ ಹುಲಿಗಳು, ಮಾತಾಡಿ ಎಂದರೆ ಹೊಸ ಮದುವಣಗಿತ್ತಿಯರು. ವೀಣೆಯ ವಿದುಷಿಯೊಬ್ಬರು ನನ್ನ ಐದು ಪ್ರಶ್ನೆಗಳಿಗೂ ಮುಗುಳ್ನಕ್ಕು ತಲೆಯಾಡಿಸಿದ್ದರು. ಕವ್ವಾಲಿಯವರೊಬ್ಬರು ಗುರುಗಳ ಹೆಸರು ಹೇಳಿ, ಕಿವಿ ಮುಟ್ಟಿಕೊಂಡು, ಗಳಗಳನೆ ಅತ್ತುಬಿಟ್ಟಿದ್ದರು. ಅಂದಿನಿಂದ ಎಲ್ಲವೂ ಕಾಗದದ ಮೇಲೆ. ಅತಿಥಿಗೆ ಅವರ ಮಾತಿನ ಹಾಳೆ, ನನಗೆ ನನ್ನದು. ಕೆಂಪು ದೀಪ ಹತ್ತಿದ ಮೇಲೆ ಹಾಳೆ ಅಲುಗಿಸುವ ಹಾಗಿಲ್ಲ. ಮೈಕಿನೆದುರು ಕಾಗದ ಸರಿಸಿದರೆ ಕೇಳುಗರಿಗೆ ಚಪ್ಪರಕ್ಕೆ ಬೆಂಕಿ ಬಿದ್ದಂತೆ ಕೇಳುತ್ತಿತ್ತು.

ಅಲ್ಲಾಳಸಂದ್ರದ ಮುನಿಯಪ್ಪನವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ನುಡಿಸಿದರೆ ಮೆರವಣಿಗೆಯ ಕುದುರೆಯೂ ನಿಂತು ಕೇಳಬೇಕು, ಅಂಥ ನಾದ. ಆದರೆ ಮಗಳನ್ನು ಕೊಟ್ಟ ಹೆಬ್ಬಾಳದ ಮನೆಯವರು ತೋಟವಿದ್ದ ದೊಡ್ಡ ಕುಳಗಳು. ಮದುವೆಗೆ ಮೊದಲೇ ಷರತ್ತು ಹಾಕಿದ್ದರಂತೆ: ಹೆಣ್ಣಿನ ಅಪ್ಪ ಪೀಪಿ ಊದಕೂಡದು, ಅದರ ಪೆಟ್ಟಿಗೆ ನಮ್ಮ ಹೊಸ್ತಿಲು ದಾಟಕೂಡದು.

"ಮಗಳ್ ಮದ್ವೇಲೂ ಕೈ ಕಟ್ಕಂಡ್ ನಿಂತಿದ್ದೆ ಸ್ವಾಮಿ. ರೇಡಿಯೋದಾಗೆ ಬಂದ್ರಾದ್ರೂ ಬೀಗ್ರು ಮನ್ಸು ಕರಗ್ತದಾ ಅಂತ ಬಂದೀವ್ನಿ," ಎಂದರು. ಅವರ ಪರವಾಗಿ ಭರ್ಜರಿ ಉತ್ತರಗಳನ್ನು ಬರೆದೆ. "ಹಾಳೆಯಲ್ಲಿ ಇರುವುದನ್ನಷ್ಟೇ ಓದಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ," ಎಂದು ಎಚ್ಚರಿಸಿ ಹಾಳೆ ಕೊಟ್ಟೆ. ಕೊಟ್ಟದ್ದು ನನ್ನ ಹಾಳೆ.

ನಿರೂಪಕಿ ಯಾರು ಕಲಾವಿದರು ಎನ್ನದೆ ನಮ್ಮಿಬ್ಬರ ಹೆಸರನ್ನೂ ಒಟ್ಟಿಗೆ ಹೇಳಿ, "ಭಾಗವಹಿಸುವವರು," ಎಂದು ಮುಗಿಸಿದರು. ದೀಪ ಹತ್ತಿತು. ಮುನಿಯಪ್ಪನವರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದರು: "ವಿದ್ವಾಂಸರೇ, ನಮಸ್ಕಾರ. ಈ ಕಲೆ ತಮಗೆ ಏಗೆ ಒಲಿಯಿತು?"

ನಾನು ನನ್ನ ಕೈಯಲ್ಲಿದ್ದ ಹಾಳೆ ನೋಡಿದೆ. ಅದರಲ್ಲಿದ್ದುದು ಅವರ ಉತ್ತರಗಳು. ಬೇರೆ ದಾರಿ ಇರಲಿಲ್ಲ. "ನಮ್ಮ ತಂದೆಯವರು ತಮ್ಮ ಕ್ಲಾರಿನೆಟ್ಟನ್ನು ನನ್ನ ಏಳನೆಯ ವಯಸ್ಸಿನಲ್ಲೇ ಕೈಗಿತ್ತರು," ಎಂದು ತೊದಲಿದೆ. ನಮ್ಮ ತಂದೆ ಗದಗಿನಲ್ಲಿ ಲೆಕ್ಕದ ಮೇಷ್ಟ್ರು, ನನ್ನ ಕೈಗೆ ಇತ್ತದ್ದು ಬೆತ್ತದ ಏಟು ಮಾತ್ರ. "ಓಹೋ, ಔದೇ!" ಎಂದು ಮುನಿಯಪ್ಪನವರು ನಿಜವಾಗಿಯೂ ಆಶ್ಚರ್ಯಪಟ್ಟರು. ಕೊನೆಗೆ ನಾನು, "ಈಗ ಒಂದು ಕೀರ್ತನೆಯನ್ನು ನುಡಿಸುತ್ತೇನೆ," ಎಂದೆ. ಅವರು ನುಡಿಸಿದರು. ಅದೊಂದು ಮಾತ್ರ ಸರಿಯಾಗಿ ನಡೆಯಿತು.

ಸೋಮವಾರ ಕಾರ್ಖಾನೆಯಲ್ಲಿ, "ಏನ್ ಗುರು, ಹೇಳಲೇ ಇಲ್ಲ!" ಎಂದು ಬೆನ್ನು ತಟ್ಟಿದವರೇ ತಟ್ಟಿದವರು. ಮನೆಯಲ್ಲಿ ಹೆಂಡತಿ, "ಸೀಟಿ ಹೊಡ್ಯಾಕ ಬರೂದಿಲ್ಲ ನಿಮಗ," ಎಂದು ಒಂದೇ ಮಾತಿನಲ್ಲಿ ನನ್ನ ಕಲಾಜೀವನ ಮುಗಿಸಿದಳು. ಆದರೆ ಮುನಿಯಪ್ಪನವರ ಮುಖ ನೆನೆದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ತಿಂಗಳಾದ ಮೇಲೆ ಅವರೇ ಆರ್.ಟಿ. ನಗರದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದರು. "ಕೆಟ್ಟೆ ಸ್ವಾಮಿ! ಪ್ರಸ್ನೆ ಕೇಳಿದ್ದು ನಾನಲ್ವಾ, ಅದ್ಕೆ ಬೀಗ್ರು ನಾನು ರೇಡಿಯೋ ಆಪೀಸರ್ ಆಗೋಗಿವ್ನಿ ಅಂದ್ಕಂಡವ್ರೆ. ಮೊಮ್ಮಗಳ ನಾಮಕರಣಕ್ಕೆ ಆ ಕ್ಲಾರಿನೆಟ್‌ನೋರ್ನ ಕರ್ಕಂಡ್ ಬನ್ನಿ ಅಂತ ನಂಗೇ ಏಳವ್ರೆ!"

"ನಿಜ ಹೇಳಿಬಿಡ್ರಿ," ಎಂದೆ.

"ಏಳ್ದೆ. ಬೀಗ್ರು ತಮಾಸೆ ಮಾಡ್ತಾವ್ರೆ ಅಂತ ನಕ್ರು. ನೀವೇ ಬನ್ನಿ."

ಹೋದೆ. ಹೆಬ್ಬಾಳದ ಮನೆಯಲ್ಲಿ ನನ್ನ ದನಿ ಕೇಳಿದ್ದೇ ತಡ, ಬೀಗರು ಕೈಹಿಡಿದು ಜಮಖಾನದ ಮೇಲೆ ಕೂರಿಸಿದರು. "ಏನ್ ನುಡಿಸಿದ್ರಿ ಸ್ವಾಮಿ ಅವತ್ತು! ಮಾತೇ ಒಸಿ ತೊದಲು," ಎಂದು, ಮುನಿಯಪ್ಪನವರು ತಂದಿದ್ದ ಪೆಟ್ಟಿಗೆಯನ್ನು ನನ್ನದೆಂದುಕೊಂಡು ತಾವೇ ಎತ್ತಿ ನನ್ನ ಮುಂದಿಟ್ಟರು. ಐವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಮುನಿಯಪ್ಪನವರ ಮಗಳು, ತೊಡೆಯ ಮೇಲೆ ಕೂಸು, ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಪೆಟ್ಟಿಗೆ ಬಿಚ್ಚಿ, ಕ್ಲಾರಿನೆಟ್ಟನ್ನು ಕಣ್ಣಿಗೊತ್ತಿಕೊಂಡು, ಎದ್ದು ಹೋಗಿ ಮುನಿಯಪ್ಪನವರ ಕೈಗಿಟ್ಟು ಕಾಲು ಮುಟ್ಟಿದೆ. "ಅವತ್ತು ನುಡಿಸಿದವ್ರು ಇವ್ರರೀ. ನಾ ಹೇಳಿದ್ದೆಲ್ಲಾ ಇವ್ರ ಕತಿ. ಇಂಥವ್ರ ಎದುರಿಗೆ ನಾ ಇದನ್ನ ಬಾಯಿಗಿಡೂದು ಪದ್ಧತಿ ಅಲ್ರಿ."

ಬೀಗರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಮುನಿಯಪ್ಪನವರು ಕಣ್ಣು ಮುಚ್ಚಿ ಊದಿದರು. ಅದೇ ಕೀರ್ತನೆ, ಅದೇ ನಾದ. ಎಷ್ಟೋ ಕಲಾವಿದರನ್ನು ನಾಡಿಗೆ ಪರಿಚಯಿಸಿದೆನೆಂಬ ಜಂಬ ನನಗಿತ್ತು. ಒಬ್ಬರನ್ನು ಅವರ ನೆಂಟರಿಗೆ ಪರಿಚಯಿಸುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಅಡುಗೆಯ ಕಡೆ ಯಾರೋ ಪಾತ್ರೆ ಸದ್ದು ಮಾಡಿದರು. ಬೀಗರು ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿಕೊಂಡು, ಅತ್ತ ತಿರುಗಿ ಗದರಿದರು:

"ಯಾರ್ಲಾ ಅದು, ಸುಮ್ಕಿರ್ರಲಾ! ನಮ್ ಬೀಗ್ರು ನುಡಿಸ್ತಾವ್ರೆ!"